ಹರಿಹರದಲ್ಲಿ ಒಂದು ಪೆಟ್ಟು ಮೊದಲೇ

ಭಾನುವಾರ ಬೆಳಿಗ್ಗೆ ತಿಪಟೂರಿನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದಾಗ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಊರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ವಾರವಿಡೀ ಜನರಿಗೆ ತಲೆನೋವಿನ ಮಾತ್ರೆ ಮಾರಿ, ರಜೆಯ ದಿನ ತಲೆನೋವು ಹುಡುಕಿಕೊಂಡು ಹೋಗುವ ಗಂಡ ತನಗೇ ಸಿಗಬೇಕಿತ್ತಾ ಎಂದು ಹೆಂಡತಿ ಬಾಗಿಲಲ್ಲಿ ನಿಂತು ಚುಚ್ಚಿ ಕಳಿಸಿದ್ದಳು. ಅವಳು ತಲೆನೋವು ಎಂದದ್ದು ಥ್ರ್ಯಾಶ್ ಮೆಟಲ್ ಸಂಗೀತಕ್ಕೆ. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಹರಿದ ಗಂಟಲು, ಬ್ರೇಕಿಲ್ಲದ ವೇಗ, ಇಷ್ಟು ಸೇರಿದರೆ ಅದು ಥ್ರ್ಯಾಶ್. ಅದರಲ್ಲೇ ಲೆಕ್ಕಾಚಾರ ಜಾಸ್ತಿಯಾಗಿ, ಹಾಡಿನ ನಡುವೆ ತಾಳವನ್ನು ಅಲ್ಲಲ್ಲಿ ಮುರಿದು ಬೇರೆ ದಾರಿಗೆ ತಿರುಗಿಸುವ ಬಗೆಗೆ ಟೆಕ್ನಿಕಲ್ ಎಂದೂ ಪ್ರೋಗ್ರೆಸಿವ್ ಎಂದೂ ಹೆಸರು. ಒಂದು ಸಣ್ಣ ಮಾಸಪತ್ರಿಕೆಗೆ ಈ ಬಗೆಯ ಹೊಸ ಆಲ್ಬಂಗಳ ಬಗ್ಗೆ ಬರೆಯುತ್ತೇನೆ. ಅದನ್ನು ಎಷ್ಟು ಜನ ಓದುತ್ತಾರೆ ಎಂದು ಸಂಪಾದಕರನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅರಸೀಕೆರೆ ದಾಟುವ ಹೊತ್ತಿಗೆ ಹೆಡ್‌ಫೋನು ಕಿವಿಗೇರಿತು. ಈಚೆಗೆ ಬಂದ ಮೂರು ಆಲ್ಬಂಗಳು ಮೊಬೈಲಿನಲ್ಲಿ ಕಾದಿದ್ದವು. ಪೋಲೆಂಡಿನ ನಾಲ್ವರದು ಒಂದು: ಬೆರಳು ಓಡಿಸುವುದರಲ್ಲಿ ಭಾರೀ ಚುರುಕು, ಆದರೆ ಅರ್ಧ ಗಂಟೆಯಾದರೂ ಒಂದು ಕಡೆಯೂ ನಿಂತು ಮಾತಾಡಲಿಲ್ಲ. ಚಿಲಿ ದೇಶದ ಇನ್ನೊಂದು ತಂಡದ್ದು ನನಗೆ ಹಿಡಿಸಿತು, ಮಂದ್ರ ಸ್ವರದ ಬೇಸ್ ಗಿಟಾರಿನವನು ಗಿಟಾರಿನ ಬಾಲ ಹಿಡಿಯದೆ ತನ್ನ ದಾರಿಯಲ್ಲಿ ಹೋಗಿದ್ದ. ಮೂರನೆಯದು ಜಪಾನಿನದು. ಅದರ ಡ್ರಮ್ಮು ಕೇಳಿ ಕಡೂರಿನಲ್ಲೇ ಸಿಟ್ಟು ಬಂತು. ಒಂದೊಂದು ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಎಳೆದು ತಾಳದ ಗೆರೆಯ ಮೇಲೆ ಕೂರಿಸಿದ್ದರು. ಇಂಥ ತಿದ್ದಿದ ಡ್ರಮ್ಮನ್ನು ಬೈದು ಬೈದು ನಾನು ಅಷ್ಟಿಷ್ಟು ಹೆಸರು ಮಾಡಿದ್ದೇನೆ. ಮನುಷ್ಯ ಬಾರಿಸಿದ್ದು ಯಾವುದು, ಯಂತ್ರ ತಿದ್ದಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ ಎಂದು ಬರೆದದ್ದೂ ಉಂಟು. ಆ ಮಾತೇ ನನ್ನನ್ನು ದಾವಣಗೆರೆಗೆ ಕರೆಸಿಕೊಳ್ಳುತ್ತಿದೆ ಎಂದು ಆಗ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಇಷ್ಟೇ. ದಾವಣಗೆರೆಯಲ್ಲಿ 'ಹೊಗೆಗೂಡು' ಎಂಬ ಮೂವರ ತಂಡ ಇದೆ. ಗಿಟಾರು ನುಡಿಸಿ ಹಾಡುವವನು ಹಾಲೇಶ, ಬೇಸ್ ನುಡಿಸುವವಳು ಅವನ ತಂಗಿ ಸುಮಾ, ಡ್ರಮ್ಮು ಲೋಕಿಕೆರೆಯ ಕೊಟ್ರೇಶನದು. ಅವರ ಮೊದಲ ಆಲ್ಬಂ ಮುಗಿದಿದೆ, ಬಂದು ಕೇಳಿ ಹೋಗಿ ಎಂದು ಸುಮಾ ಫೋನ್ ಮಾಡಿದ್ದಳು. ಕನ್ನಡದಲ್ಲಿ ಈ ಬಗೆಯ ಸಂಗೀತ ಮಾಡುವವರು ಬೆರಳೆಣಿಕೆಯಷ್ಟು. ಕರೆದರೆ ಹೋಗದೆ ಇರಲು ನನಗೇನು ಬೇರೆ ಕೆಲಸವಿತ್ತು?

ದಾವಣಗೆರೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿರಲಿಲ್ಲ, ಆದರೆ ಶಿವರಾತ್ರಿ ಕಳೆದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಸ್ಟೇಷನ್ನಿನಿಂದ ನಡೆದು ಹೋಗಿ ಒಂದು ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿಂದೆ. ಬಿಳಿ ಬೆಣ್ಣೆ, ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ಒಂದು ಸಾಕು ಎಂದುಕೊಂಡು ಕೂತವನು ಎರಡಕ್ಕೆ ನಿಂತೆ. ಅಲ್ಲಿಂದ ಆಟೋದಲ್ಲಿ ನಿಟ್ಟುವಳ್ಳಿ. ಡ್ರೈವರಿಗೆ ಬೀದಿ ಹೇಳಿ, ಹಾಡುವ ಹಾಲೇಶನ ಮನೆ ಎಂದೆ. "ಹಾಡೋನಲ್ರಿ, ಒದರೋನು! ಗಣಪತಿ ಹಬ್ಬಕ್ಕೆ ನಮ್ ಓಣ್ಯಾಗೆ ಸಿನಿಮಾ ಹಾಡು ಹಾಡ್ತಾನ, ಚಲೋ ಹಾಡ್ತಾನ. ಮನ್ಯಾಗೆ ಯಾಕ ಹಿಂಗ ಒದರ್ತಾನೋ ಗೊತ್ತಿಲ್ರಿ," ಎಂದು ಬಾಗಿಲ ತನಕ ಬಿಟ್ಟ.

"ಬರ್ರಿ, ಕೂಡ್ರಿ," ಎಂದು ಅವರ ತಾಯಿ ಫ್ಯಾನು ಹಾಕಿದರು. ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಬಂತು. ಹೊಟ್ಟೆಯಲ್ಲಿ ಎರಡು ದೋಸೆ ಇದ್ದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಹಾಲೇಶ ಮೂವತ್ತರ ಆಸುಪಾಸಿನ ತೆಳ್ಳನೆ ಮನುಷ್ಯ, ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕೆಲಸ. ಸುಮಾ ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇರುವವಳು. ಕೊಟ್ರೇಶ ಎಲ್ಲಿ ಎಂದು ಕೇಳಿದ್ದಕ್ಕೆ ಅಣ್ಣ ಗೋಡೆ ನೋಡಿದ, ತಂಗಿ ಅಣ್ಣನನ್ನು ನೋಡಿದಳು.

"ಇಬ್ಬರೂ ಮಾತು ಬಿಟ್ಟು ಮೂರು ವಾರ ಆತ್ರಿ ಸರ," ಎಂದಳು ಸುಮಾ. "ಅದಕ್ಕ ನಿಮ್ಮನ್ನ ಕರಸಿದ್ದು."

ಸಂಗತಿ ಹೀಗಿತ್ತು. ಆಲ್ಬಮ್ಮಿನ ಕೊನೆಯ ಹಾಡು 'ಮೂರನೇ ಪಾಳಿ'. ಮುಚ್ಚಿಹೋದ ಹತ್ತಿ ಗಿರಣಿಯಲ್ಲಿ ಈಗಲೂ ಕೆಲಸಕ್ಕೆ ಹೋಗುವವನ ಕನಸಿನ ಬಗ್ಗೆ, ಹನ್ನೊಂದು ನಿಮಿಷದ್ದು. ಮೊದಲು ಏಳರ ಎಣಿಕೆಯಲ್ಲಿ ಓಡಿ, ಕೊನೆಯಲ್ಲಿ ಐದರ ಎಣಿಕೆಗೆ ತಿರುಗುತ್ತದೆ. ತಿರುಗುವ ಮುಂಚೆ ಮೂವರೂ ಒಂದು ಎಣಿಕೆಯಷ್ಟು ಸುಮ್ಮನಿರಬೇಕು. ಹಾಲೇಶ ಕಟ್ಟಿದ್ದು ಹಾಗೆ. ರೆಕಾರ್ಡಿಂಗ್ ದಿನ ಮೂವರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ನುಡಿಸುವಾಗ, ಕೊಟ್ರೇಶ ಆ ಮೌನಕ್ಕೆ ಕಾಯಲಿಲ್ಲ. ಒಂದು ಪೆಟ್ಟು ಮೊದಲೇ ನುಗ್ಗಿದ. ಉಳಿದಿಬ್ಬರ ಕೈಯೂ ಅದೇ ಕ್ಷಣ ಅವನ ಜೊತೆಗೆ ನುಗ್ಗಿತು. ತಪ್ಪು ಮೂವರದೂ ಒಂದೇ ಆದ್ದರಿಂದ ಹಾಡು ಮುರಿಯಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಧ್ವನಿ ಸರಿಮಾಡುವವನು, ಯಾರೂ ಕೇಳದೆಯೇ, ಎಲ್ಲರ ಪೆಟ್ಟನ್ನೂ ಗೆರೆಗೆ ತಂದು ಆ ಮೌನವನ್ನು ವಾಪಸು ಕೂರಿಸಿ ಕಳಿಸಿದ. ಹಾಲೇಶನಿಗೆ ಅದೇ ಬೇಕು. ಕೊಟ್ರೇಶನಿಗೆ ಬೇಡ. ತಿದ್ದಿದ್ದು ಹೊರಬಂದರೆ ತನ್ನ ಹೆಸರು ತೆಗೆಯಿರಿ, ಇನ್ನು ತಂಡಕ್ಕೂ ಬರುವುದಿಲ್ಲ ಎಂದು ಹೇಳಿ ಎದ್ದು ಹೋಗಿದ್ದ. ಆಲ್ಬಂ ಹೊರತರುವ ಪರದೇಶದ ಸಣ್ಣ ಕಂಪನಿಗೆ ಮರುದಿನ ಬೆಳಿಗ್ಗೆಯೊಳಗೆ ಹಾಡು ಕಳಿಸಬೇಕಿತ್ತು.

"ಅವ್ನು ಇಲ್ಲಂದ್ರ ಬ್ಯಾರೆಯವರು ಸಿಗಲ್ಲೇನು?" ಎಂದ ಹಾಲೇಶ. ಗಂಟಲು ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಹೈಸ್ಕೂಲಿನಿಂದ ಜೊತೆಗಿದ್ದವರು ಅವರು.

ಸುಮಾ ನನಗೆ ಎರಡನ್ನೂ ಕೇಳಿಸುವುದು, ಯಾವುದು ಯಾವುದೆಂದು ಹೇಳದಿರುವುದು ಎಂದು ತೀರ್ಮಾನವಾಗಿತ್ತು. ಅದಕ್ಕೇ ಆ ಮೌನದ ವಿಷಯವನ್ನು ಆಗ ನನಗೆ ಹೇಳಿರಲಿಲ್ಲ, ಅದು ತಿಳಿದದ್ದು ಆಮೇಲೆ; ಜಗಳ ತಿದ್ದಿದ ಹಾಡಿನದು ಎಂದಷ್ಟೇ ಹೇಳಿದ್ದರು. ತಿದ್ದಿದ್ದನ್ನು ನಾನು ಹಿಡಿದರೆ ಕೊಟ್ರೇಶ ಗೆದ್ದಂತೆ, ಇಲ್ಲದಿದ್ದರೆ ಹಾಲೇಶ. ಕೊಟ್ರೇಶನೇ ನನ್ನ ಬರಹ ಓದಿ ನನ್ನ ಹೆಸರು ಹೇಳಿದ್ದನಂತೆ. ನನಗೆ ಒಳಗೊಳಗೇ ಹಿಗ್ಗಾಯಿತು. ಕಣ್ಣು ಮುಚ್ಚಿ ಕೂತೆ. ಅಡುಗೆಮನೆಯಲ್ಲಿ ತಾಯಿ ಮಿಕ್ಸಿ ನಿಲ್ಲಿಸಿದರು.

ಮೊದಲನೆಯದರಲ್ಲಿ ಮೂವರೂ ಕತ್ತರಿಸಿದಂತೆ ಒಂದೇ ಕ್ಷಣಕ್ಕೆ ಐದರ ಎಣಿಕೆಗೆ ಬಿದ್ದರು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಎಲ್ಲ ನಿಂತು, ಒಂದು ಎಣಿಕೆ ನಿಶ್ಶಬ್ದವಾಗಿ, ಆಮೇಲೆ ಬಂತು. ನನ್ನ ರೋಮ ನಿಮಿರಿತು. ಕಣ್ಣು ಬಿಟ್ಟು ದೊಡ್ಡ ಗಂಟಲಿನಲ್ಲಿ ಹೇಳಿದೆ: "ಎರಡನೇದು ಮನುಷ್ಯರದು. ಹೀಗೆ ಉಸಿರು ಹಿಡಿದು ನಿಲ್ಲೋದು ಯಂತ್ರಕ್ಕೆ ಎಲ್ಲಿ ಬರುತ್ತೆ? ಮೊದಲನೇದು ತಿದ್ದಿದ್ದು. ಮೂರು ಜನ ಅಷ್ಟು ಒಟ್ಟಿಗೆ ಬೀಳೋಕೆ ಸಾಧ್ಯವೇ ಇಲ್ಲ."

ಸುಮಾ ತಲೆ ತಗ್ಗಿಸಿದಳು.

"ಉಲ್ಟಾ ಹೇಳಿದ್ರಿ ಸರ," ಎಂದ ಹಾಲೇಶ. "ನಿಮ್ಮಂಥೋರಿಗೇ ಗೊತ್ತಾಗ್ಲಿಲ್ಲ ಅಂದ್ರ ಇನ್ನ ಪರದೇಶದೋರಿಗೆ ಏನ್ ಗೊತ್ತಾಗ್ತೈತ್ರಿ?"

ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತೆಂದು ಕನ್ನಡಿ ಇಲ್ಲದೆಯೂ ತಿಳಿಯಿತು. ಇಷ್ಟು ವರ್ಷ ಪತ್ರಿಕೆಯಲ್ಲಿ ಜಂಬ ಕೊಚ್ಚಿದ್ದು ಒಂದು ಕಡೆ ಇರಲಿ. ನನ್ನನ್ನು ನಂಬಿ ಕರೆಸಿದವನ ಕಾಲನ್ನು ನಾನೇ ಎಳೆದು ಹಾಕಿದ್ದೆ. ಈಗ ಕೊಟ್ರೇಶ ಕೆಲಸ ಮಾಡುವ ಹರಿಹರಕ್ಕೆ ಹೋಗಿ ಅವನಿಗೆ ಇದನ್ನು ಹೇಳಬೇಕು. ಬೇಡವೆಂದು ವಾಪಸು ರೈಲು ಹತ್ತಿಬಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸುಮಾಳ ಜೊತೆ ಬಸ್ಸು ಹತ್ತಿದೆ. ಅವಳು ಬೇಸ್ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. ಹಾಲೇಶ ಬೈಕಿನಲ್ಲಿ ಬರುತ್ತೇನೆ ಎಂದಿದ್ದ, ಬರುತ್ತಾನೋ ಇಲ್ಲವೋ ಅವಳಿಗೂ ಖಾತ್ರಿ ಇರಲಿಲ್ಲ. ಹದಿನಾಲ್ಕು ಕಿಲೋಮೀಟರಿನ ದಾರಿ, ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು. ಊರು ದಾಟಿದ ಮೇಲೆ ನಾಲೆ ನೀರಿನ ಭತ್ತದ ಗದ್ದೆಗಳು ಹಸಿರಾಗಿದ್ದವು. "ನಿಮಗೆ ಯಾವುದು ಬೇಕಮ್ಮ?" ಎಂದು ಕೇಳಿದೆ. "ನಂಗೆ ಹಾಡು ಹೆಂಗಿದ್ರೂ ನಡೀತೈತ್ರಿ ಸರ. ಇಬ್ಬರೂ ಇರಬೇಕು ಅಷ್ಟೇ," ಎಂದು ಅವಳು ಕಿಟಕಿಯ ಆಚೆ ನೋಡಿದಳು.

ಹರಿಹರದಲ್ಲಿ ದೊಡ್ಡ ಕಾರ್ಖಾನೆಗಳ ಕಾಲ ಮುಗಿದರೂ ಸಣ್ಣ ಲೇತ್ ಶೆಡ್ಡುಗಳು ಉಳಿದಿವೆ. ಅಂಥ ಒಂದರಲ್ಲಿ, ತನ್ನ ಸೋದರಮಾವನ ಶೆಡ್ಡಿನಲ್ಲಿ, ಕೊಟ್ರೇಶ ಕಬ್ಬಿಣ ಕಡೆಯುವ ಕೆಲಸ ಮಾಡುತ್ತಾನೆ. ಭಾನುವಾರ ಲೇತ್ ನಿಂತಾಗ ಅದೇ ತಂಡದ ಅಭ್ಯಾಸದ ಜಾಗ. ಒಳಗೆ ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ. ಹೊಳೆ ಕಡೆಯ ಬಾಗಿಲು ತೆರೆದಿತ್ತು, ತುಂಗಭದ್ರೆಯ ಮೇಲಿಂದ ಒಂದಿಷ್ಟು ಗಾಳಿ ಬರುತ್ತಿತ್ತು. ಕೊಟ್ರೇಶ ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದ. ಗಟ್ಟಿ ಮೈಯವನು, ಮಾತು ಮೆತ್ತಗೆ.

ಸುತ್ತಿ ಬಳಸದೆ ಹೇಳಿಬಿಟ್ಟೆ. "ನನಗೆ ಗೊತ್ತಾಗಲಿಲ್ಲ ಕೊಟ್ರೇಶ. ತಿದ್ದಿದ್ದನ್ನೇ ನಿಮ್ಮದು ಅಂದೆ. ನನ್ನಿಂದ ನಿಮಗೆ ತೊಂದರೆ ಆಯಿತು, ಬೇಜಾರಾಗಿದೆ."

ಅವನು ಡ್ರಮ್ಮಿನ ಕೋಲುಗಳನ್ನು ಕೈಯಲ್ಲಿ ತಿರುಗಿಸಿದ. "ಹೋಗ್ಲಿ ಬಿಡ್ರಿ ಸರ. ಬ್ಯಾರೆ ಯಾರ್ದಾರ ಹಾಡಾಗಿದ್ರ ನಂಗೂ ಗೊತ್ತಾಗ್ತಿರ್ಲಿಲ್ಲೇನೋ," ಎಂದ. ನಗಲು ನೋಡಿದ, ಆಗಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಹಾಲೇಶ ಗಿಟಾರು ಹೆಗಲಿಗೆ ಹಾಕಿಕೊಂಡು ಒಳಗೆ ಬಂದು ಮೂಲೆಯಲ್ಲಿ ನಿಂತ. ಕೊಟ್ರೇಶ ಅವನ ಮುಖ ನೋಡದೆ ಸುಮಾಳಿಗೆ ಹೇಳಿದ: "ನಿಮ್ಮಣ್ಣಗೆ ಹೇಳು. ಕಂಪ್ಯೂಟರ್ ಹೆಂಗ ಬಾರ್ಸೈತೋ ಹಂಗ ಈಗ ನಾವು ಬಾರ್ಸಾಣ. ಬಾರ್ಸಾಕ ಬಂದ್ರ ಅದನ್ನೇ ಕಳಸ್ರಿ. ನನ್ ಹೆಸ್ರೂ ಇರ್ಲಿ. ಜನರ ಮುಂದ ಬಾರ್ಸಾಕ ಬರದಿದ್ದು ಮಾತ್ರ ಬ್ಯಾಡ."

ಸುಮಾ ಅಣ್ಣನತ್ತ ತಿರುಗಿದಳು. "ಕೇಳಿಸ್ತು," ಎಂದ ಹಾಲೇಶ ತಂತಿ ಶ್ರುತಿ ಮಾಡುತ್ತಾ.

ನಾನು ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತೆ. ಹಾಡಿನ ಕೊನೆಯ ಭಾಗ ಮಾತ್ರ ಹಿಡಿದರು. ತಗಡಿನ ಛಾವಣಿ ನಡುಗಿತು, ಲೇತಿನ ಮೇಲಿದ್ದ ಸ್ಪ್ಯಾನರುಗಳು ಕುಣಿದವು. ಹೆಡ್‌ಫೋನಿನಲ್ಲಿ ಎಷ್ಟು ಕೇಳಿದರೂ ಈ ಸಂಗೀತ ಎದೆಗೂಡಿನೊಳಗೆ ಬಂದು ನಿಲ್ಲುವುದು ಹೀಗೆ ಎದುರಿಗೆ ಕೂತಾಗಲೇ. ಏಳರ ಎಣಿಕೆ ಓಡಿ ಓಡಿ ಆ ಜಾಗಕ್ಕೆ ಬಂತು. ಕೊಟ್ರೇಶ ಕೋಲು ಎತ್ತಿ ಹಿಡಿದು, ಹಲ್ಲು ಕಚ್ಚಿ, ಕಾದ. ಹಾಲೇಶನ ಗಿಟಾರು ಒಂಟಿಯಾಗಿ ಒಂದು ಪೆಟ್ಟು ಮೊದಲೇ ನುಗ್ಗಿತು.

ಮೂವರೂ ನಿಂತರು. "ತಡಿ, ನಂದು ತಪ್ಪಾತು," ಎಂದ ಹಾಲೇಶ ಯಾರಿಗೋ ಹೇಳುವಂತೆ. ಮತ್ತೆ ಶುರು ಮಾಡಿದರು. ಮತ್ತೆ ಕೊಟ್ರೇಶ ಕಾದ, ಮತ್ತೆ ಹಾಲೇಶನ ಕೈ ಕಾಯಲಿಲ್ಲ. ಈ ಸಲ ಸುಮಾಳದೂ ಅವನ ಹಿಂದೆ ಹೋಯಿತು. ಮೂರನೇ ಸಲ ಹಾಲೇಶ ಕಣ್ಣು ಮುಚ್ಚಿ, ತುಟಿಯಲ್ಲಿ ಎಣಿಸುತ್ತಾ ಬಂದ. ಆ ಹಾಡು ಕಟ್ಟಿದವನು ಅವನೇ, ಆ ಮೌನ ಬೇಕೆಂದು ಮೂರು ವಾರ ಗೆಳೆಯನ ಮಾತು ಬಿಟ್ಟವನು ಅವನೇ. ಅವನ ಬಲಗೈ ಮಾತ್ರ ಕೊಟ್ರೇಶನ ತಪ್ಪನ್ನೇ ಪಾಠ ಮಾಡಿಕೊಂಡುಬಿಟ್ಟಿತ್ತು. ನುಗ್ಗಿಯೇ ಬಿಟ್ಟ.

ಹಾಲೇಶ ಗಿಟಾರಿನ ಕತ್ತು ಹಿಡಿದು ನಿಂತು ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ತಲೆ ಎತ್ತಿ, ಮೂರು ವಾರದಲ್ಲಿ ಮೊದಲ ಸಲ ನೇರವಾಗಿ ಗೆಳೆಯನಿಗೆ ಹೇಳಿದ: "ಲೇ ಕೊಟ್ರ್ಯಾ, ಕೈ ನನ್ ಮಾತು ಕೇಳವಲ್ದಲ್ಲೋ."

"ನಂದೇನು ಕೇಳ್ತೈತಾ? ಹಿಡಕಂಡು ಹಿಡಕಂಡು ಭುಜ ನೋಯಾಕ ಹತ್ತೈತಿ," ಎಂದ ಕೊಟ್ರೇಶ. ಮೊದಲು ನಕ್ಕವಳು ಸುಮಾ. ನಗುತ್ತಲೇ ಅತ್ತಳು, ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಹಾಲೇಶ ಲೇತ್ ಸುತ್ತಿ ಹೋಗಿ ಕೊಟ್ರೇಶನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಬಾರ್ಸು, ನಿನ್ನಂಗ ಬಾರ್ಸು," ಎಂದ.

ನಾಲ್ಕನೇ ಸಲ ಯಾರೂ ಕಾಯಲಿಲ್ಲ. ಮೂವರೂ ಒಟ್ಟಿಗೆ ಬಿದ್ದರು. ನಾನು ಬೆಳಿಗ್ಗೆ ಯಾವುದನ್ನು ಮನುಷ್ಯರಿಗೆ ಸಾಧ್ಯವಿಲ್ಲ ಎಂದಿದ್ದೆನೋ ಅದು ಸ್ಟೂಲಿನಿಂದ ನಾಲ್ಕು ಅಡಿ ದೂರದಲ್ಲಿ ನಡೆಯಿತು. ಹಾಲೇಶ ಅಲ್ಲಿಯೇ ಲೇತಿಗೆ ಒರಗಿ ನಿಂತು ಮೊಬೈಲಿನಿಂದ ಪರದೇಶದ ಕಂಪನಿಗೆ ತಿದ್ದದ ಹಾಡನ್ನು ಕಳಿಸಿದ. ಕಳಿಸುವ ಮುಂಚೆ ಮೊಬೈಲನ್ನು ಕೊಟ್ರೇಶನ ಮುಂದೆ ಹಿಡಿದು, "ಒತ್ತು," ಎಂದ.

ಅವರು ನನ್ನನ್ನು ಹರಿಹರದ ಸ್ಟೇಷನ್ನಿಗೆ ಬಿಡಲು ಬಂದರು. ಕೊಟ್ರೇಶ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ತಂದು ಕೈಗಿಟ್ಟ. ಪತ್ರಿಕೆಯಲ್ಲಿ ಏನು ಬರೆಯುತ್ತೀರಿ ಎಂದು ಸುಮಾ ಕೇಳಿದಳು. ನಡೆದದ್ದನ್ನೇ ಬರೆಯುತ್ತೇನೆ ಎಂದೆ. "ನಿಮ್ದೂ ಸೇರ್ಸಿ ಬರೀರಿ ಮತ್ತೆ," ಎಂದು ಹಾಲೇಶ ಕಣ್ಣು ಮಿಟುಕಿಸಿದ. ಸಂಜೆ ಬಿಸಿಲಿನಲ್ಲಿ ರೈಲು ಹೊರಟಿತು. ಮೂವರೂ ಪ್ಲಾಟ್‌ಫಾರಮ್ಮಿನಲ್ಲಿ ಏನೋ ಜಗಳವಾಡುತ್ತಾ ನಿಂತಿದ್ದರು, ನನ್ನತ್ತ ಕೈ ಬೀಸುವುದನ್ನು ಮರೆತೇಬಿಟ್ಟಿದ್ದರು.

ದಾವಣಗೆರೆ ದಾಟಿದ ಮೇಲೆ, ಕುತೂಹಲಕ್ಕೆ, ಸ್ಟೇಷನ್ನಿನಲ್ಲಿ ಸುಮಾ ನನ್ನ ಮೊಬೈಲಿಗೆ ಕಳಿಸಿದ್ದ ಎರಡರಲ್ಲಿ ತಿದ್ದಿದ್ದನ್ನೇ ಮತ್ತೊಮ್ಮೆ ಹಾಕಿದೆ. ಬೆಳಿಗ್ಗೆ ನನ್ನ ರೋಮ ನಿಮಿರಿಸಿದ್ದು ಅದು. ಏಳರ ಎಣಿಕೆ ಓಡಿ ಆ ಜಾಗಕ್ಕೆ ಬಂತು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳು ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಡ್ರಮ್ಮು ಇನ್ನೂ ಬಂದಿರಲಿಲ್ಲ. ಹೆಡ್‌ಫೋನು ತೆಗೆದು ಕೊಟ್ರೇಶನಿಗೆ ಫೋನ್ ಮಾಡಿದೆ.

"ಈಗ ಕೇಳಿದೆ ಕಣಪ್ಪ. ತಿದ್ದಿದ್ದು ತಡವಾಗಿ ಬರುತ್ತೆ."

"ಹೌದ್ರಿ ಸರ," ಎಂದ ಕೊಟ್ರೇಶ. ಹಿಂದೆ ಹಾಲೇಶ ಏನೋ ಒದರುತ್ತಿದ್ದ. "ಬಜ್ಜಿ ಆರೋದ್ರೊಳಗ ತಿನ್ರಿ."