ತೂತು ಕಂಡರೆ ಮುಚ್ಚುವ ಮನುಷ್ಯ

ನನ್ನ ಗಂಡ, ನಮ್ಮವರ ಕಸುಬು ಸೋರಿಕೆ ನಿಲ್ಲಿಸುವುದು. ಛಾವಣಿ, ನೀರಿನ ತೊಟ್ಟಿ, ಗೋಡೆಯ ಬಿರುಕು, ಏನೇ ಸೋರಲಿ ಅವರನ್ನು ಕರೆಯುತ್ತಿದ್ದರು. ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಬಿರಡೆ ಮೇಸ್ತ್ರಿ ಎನ್ನುತ್ತಿದ್ದರು. ಶೀಶೆಯ ಬಾಯಿಗೆ ಹಾಕುವ ಬಿರಡೆ. ಅವರಿಗೆ ಅದರಿಂದ ಬೇಸರವಿರಲಿಲ್ಲ.

ಕೆಲಸ ಇದ್ದ ಊರಿಗೆ ಹೋಗುತ್ತಿದ್ದೆವು. ಮನೆಯೂ ಜೊತೆಗೇ ಬರುತ್ತಿತ್ತು. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಗಾಲಿಮನೆ. ಒಂದು ಮಂಚ, ಒಂದು ಒಲೆ, ಬಾಗಿಲ ಹತ್ತಿರ ಅವರ ಟಾರಿನ ಡಬ್ಬಿಗಳು. ನಾನು ಒಲೆಯ ಮುಂದೆ ನಿಂತರೆ ಅವರು ಮಂಚ ಹತ್ತಿ ಕೂರಬೇಕು. ಇಬ್ಬರೂ ಒಟ್ಟಿಗೆ ನಿಲ್ಲಲು ಜಾಗವಿಲ್ಲ. "ಇಲ್ಲಿ ಜಗಳಾನೂ ಸರದಿ ಮೇಲೆ ಆಡ್ಬೇಕು ಕಣೇ" ಎನ್ನುತ್ತಿದ್ದರು. ಮಕ್ಕಳಾಗಲಿಲ್ಲ.

ತೂತು ಕಂಡರೆ ಅವರ ಕೈ ಸುಮ್ಮನಿರದು. ಬೀಗದ ತೂತಿಗೆ ಧೂಳು ಹೋಗುತ್ತದೆಂದು ಚಿಂದಿ ತುರುಕಿ, ಆಮೇಲೆ ಬೀಗದಕೈ ಹೋಗದೆ ನಾವಿಬ್ಬರೂ ಬಿಸಿಲಲ್ಲಿ ಕೂತದ್ದಿದೆ. "ನಮ್ಮಣ್ಣನ ಕೈಗೆ ಜರಡಿ ಕೊಡಬೇಡಿ" ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಹೋದ ಮಳೆಗಾಲ ಯಾರದೋ ಛಾವಣಿಯ ಮೇಲೆ ಎದೆ ಹಿಡಿದುಕೊಂಡು ಕೂತರು. ಕೆಳಗಿಳಿಸುವಷ್ಟರಲ್ಲಿ ಇರಲಿಲ್ಲ. ಪುಣ್ಯವಂತ, ನರಳಲಿಲ್ಲ ಎಂದರು ಜನ. ನರಳುವುದನ್ನು ನನ್ನ ಪಾಲಿಗೆ ಬಿಟ್ಟು ಹೋದರು ಎಂದು ಯಾರೂ ಹೇಳಲಿಲ್ಲ.

ಆಗ ಗಾಲಿಮನೆ ಒಂದು ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ನಿಂತಿತ್ತು. ನನಗೆ ಓಡಿಸಲು ಬಾರದು, ಜೀಪು ಮಾರಿದೆ. ಮನೆಯೊಳಗೆ ಉಳಿದೆ. ಗ್ಯಾರೇಜಿನ ಯಜಮಾನ ಕೆಟ್ಟವನಲ್ಲ. ಆದರೆ ಅಂಗಳದಲ್ಲಿ ಅವನು ಹೊಸ ಶೆಡ್ಡು ಕಟ್ಟಬೇಕಿತ್ತು.

"ಗೋಡೆ ಏಳೋದ್ರೊಳಗೆ ತೆಗೆಸಿಬಿಡಿ ತಾಯಿ. ಆಮೇಲೆ ನೀವೇ ಬೇಕು ಅಂದ್ರೂ ಇದು ಆಚೆ ಬರಲ್ಲ" ಎಂದ. ಇಟ್ಟಿಗೆ ಬಂದು ಬಿತ್ತು. ಪಾಯ ತೋಡಿದರು.

ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ತಳ್ಳಿದೆ. ಭುಜ ಕೊಟ್ಟೆ. ಮನೆಯೇ ಓರೆಯಾಗಿ ಬಾಗಿಲನ್ನು ಕಚ್ಚಿ ಹಿಡಿದಿತ್ತು. ಕಿಟಕಿಗೆ ನಮ್ಮವರು ಗಾಳಿ ನುಗ್ಗದಂತೆ ಅಂಟು ಬಳಿದು ಭದ್ರ ಮಾಡಿದ್ದರು. ಒಳಗಿಂದ ತಟ್ಟೆ ಬಡಿದು ಕೂಗಿದೆ. ಗ್ಯಾರೇಜಿನ ವೆಲ್ಡಿಂಗ್‌ನವನು ಬಂದು ಹಾರೆ ಹಾಕಿ ಬಾಗಿಲು ಮೀಟಿದ.

"ಏನಕ್ಕಾ, ಮನೆ ನಿಮ್ಮನ್ನ ಬಿಡ್ತಾ ಇಲ್ವಾ?"

"ಅದಕ್ಕೂ ನಮ್ಮವರ ಬುದ್ಧಿ ಬಂದಿದೆ" ಎಂದೆ.

ಅವನು ಟಾರ್ಚು ಹಿಡಿದು ಮನೆಯ ಕೆಳಗೆ ಮಲಗಿದ. ಇಡೀ ಮನೆ ಕೂತಿರುವುದು ಉದ್ದಕ್ಕೂ ಹಾಕಿದ ಕಬ್ಬಿಣದ ಚೌಕ ಪೈಪುಗಳ ಮೇಲೆ. ಅದಕ್ಕೆ ಚಾಸಿ ಎನ್ನುತ್ತಾರೆ. ಹೊರಗಿನಿಂದ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ನಮ್ಮವರು ವರ್ಷವೂ ಬಣ್ಣ ಹೊಡೆಯುತ್ತಿದ್ದರು. ಅವನು ಸುತ್ತಿಗೆಯಿಂದ ತಟ್ಟಿದ. ಮುಂದುಗಡೆ ಟಣ್ ಎಂದಿತು. ಹಿಂದುಗಡೆ ಡಬ್ ಎಂದಿತು.

"ಅಕ್ಕಾ, ಈ ಪೈಪಿಗೆ ಕೆಳಗಡೆ ನೀರು ಇಳಿಯೋಕೆ ತೂತು ಇರ್ಬೇಕಲ್ಲ. ಎಲ್ಲಿ?"

"ಇರುವೆ ಬರುತ್ತೆ ಅಂತ ಮುಚ್ಚಿದ್ರು."

"ಎಲ್ಲಾನೂ?"

"ಅವರು ಅರ್ಧ ಕೆಲಸ ಮಾಡೋರಲ್ಲ."

ಅವನು ನಗಲಿಲ್ಲ. ಡ್ರಿಲ್ ತಂದು ಕೆಳಗಿನಿಂದ ಕೊರೆದ. ಕಂದು ನೀರು ಚಿಮ್ಮಿತು. ಆಮೇಲೆ ಸುಮ್ಮನೆ ಇಳಿಯತೊಡಗಿತು, ನಿಲ್ಲಲೇ ಇಲ್ಲ. ಜೊತೆಗೆ ತುಕ್ಕಿನ ಚಕ್ಕೆಗಳು. ಮಳೆನೀರು ಮೇಲೆ ಬೋಲ್ಟಿನ ಸಂದಿಯಿಂದ ಒಳಗೆ ಹೋಗುತ್ತಿತ್ತಂತೆ. ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೂತು ಕಬ್ಬಿಣ ತಿಂದಿತ್ತು. ಹೊರಗೆ ಥಳಕು, ಒಳಗೆ ಹುಳುಕು.

ನನಗೆ ಸಿಟ್ಟು ಬಂತು. ಊರವರ ಮನೆಯ ಸೋರಿಕೆಯನ್ನೆಲ್ಲ ಕಂಡುಹಿಡಿದ ಮನುಷ್ಯ! ಜಗಳಕ್ಕೆ ಸರದಿ ನನ್ನದಿತ್ತು. ಅವರಿರಲಿಲ್ಲ.

"ಹೀಗೇ ಎಳೆದ್ರೆ ರಸ್ತೆ ಮಧ್ಯ ಸೊಂಟ ಮುರ್ಕೊಂಡು ಕೂರುತ್ತೆ" ಎಂದ ವೆಲ್ಡಿಂಗ್‌ನವನು. "ಹಳೇ ಪೈಪು ಕಾಗದ ಆಗಿದೆ, ಬೆಸುಗೆ ಹಾಕಿದ್ರೆ ತೂತು ಬೀಳುತ್ತೆ. ಪಕ್ಕದಲ್ಲಿ ಬೇರೆ ಕಬ್ಬಿಣ ಇಟ್ಟು ಬಿಗಿದು ಕೊಡ್ತೀನಿ. ಖಾಲಿ ಮಾಡಿ ನಿಧಾನಕ್ಕೆ ಒಂದು ಸಲ ಎಳೀಬಹುದು. ಅಷ್ಟೇ ಅಕ್ಕಾ. ಎಲ್ಲಿ ಇಳಿಸ್ತೀರೋ ಅಲ್ಲೇ ಅದರ ಕೊನೆ."

ಸುದ್ದಿ ತಿಳಿದು ನಾದಿನಿ ಬಂದಳು.

"ಗುಜರಿಗೆ ಹಾಕಿ ಅತ್ತಿಗೆ. ಅಡುಗೆಮನೆ ಪಕ್ಕದ ರೂಮಿದೆ, ಬಂದಿರಿ. ನಾನೇನು ಹೊರಗಿನೋಳಾ?"

"ಅಲ್ಲಿ ನಿಮ್ಮತ್ತೆ ಇದ್ದಾರಲ್ಲ."

"ಇನ್ನೊಂದು ಮಂಚ ಹಿಡಿಯುತ್ತೆ. ಅವರಿಗೂ ಬೈಯೋಕೆ ಹೊಸಬರು ಸಿಕ್ಕಂಗಾಗುತ್ತೆ. ನಾನೊಬ್ಬಳೇ ಎಷ್ಟು ಅಂತ ಕೇಳಿಸ್ಕೊಳ್ಳಲಿ?"

ಅತ್ತ ದರಿ, ಇತ್ತ ಪುಲಿ. ಗ್ಯಾರೇಜಿನ ಗೋಡೆ ಮೊಣಕಾಲಿನವರೆಗೆ ಬಂದಿತ್ತು. ಆ ಮಂಚದಲ್ಲಿ ಅವರು ಮಲಗುತ್ತಿದ್ದ ಕಡೆ ಹಲಗೆ ತಗ್ಗಾಗಿದೆ. ಅದನ್ನು ಗುಜರಿಯವನ ಕೈಗೆ ಕೊಡಲಾರೆ. ಎಳೆಸಿಕೊಂಡು ಹೋಗೋಣವೆಂದರೆ ಕೇಳಲು ಬೇರೆ ಯಾರ ಜಾಗವೂ ಇಲ್ಲ.

"ರೂಮು ಬೇಡ ಕಣಮ್ಮಾ. ಹಿತ್ತಲು ಕೊಡು."

"ಹಿತ್ತಲಾ? ಬಟ್ಟೆ ಎಲ್ಲಿ ಒಣಹಾಕಲಿ?"

"ಗಾಲಿಮನೆ ಮೇಲೆ."

ಅವಳು ನನ್ನ ಮುಖ ನೋಡಿದಳು. "ಅಣ್ಣನಿಗೆ ಸರಿಯಾದ ಜೋಡಿ" ಎಂದು ಮೂಗೊರೆಸಿಕೊಂಡಳು.

ಕಬ್ಬಿಣ ಬಿಗಿದಾದ ಮೇಲೆ ಗ್ಯಾರೇಜಿನ ಜೀಪಿಗೆ ಕೊಂಡಿ ಹಾಕಿ ಎಳೆಯುವಾಗ ನಾನು ಹಿಂದೆ ನಡೆದೆ. ಪ್ರತಿ ಹೊಂಡಕ್ಕೂ ಕಿರುಗುಟ್ಟಿತು. ತಿರುವಿನಲ್ಲಿ ಹಿಂಭಾಗ ಜೋತು ನೆಲ ಸವರಿತು. ವೆಲ್ಡಿಂಗ್‌ನವನು ಕೈಯೆತ್ತಿ ನಿಲ್ಲಿಸಿದ, ಬಗ್ಗಿ ನೋಡಿದ, ಮುಂದೆ ಹೋಗು ಎಂದು ಜೀಪಿನವನಿಗೆ ಸನ್ನೆ ಮಾಡಿದ. ನನ್ನ ಸೊಂಟವೇ ಹಿಡಿದುಕೊಂಡಿತ್ತು. ಮನೆ ಮುರಿಯಲಿಲ್ಲ.

ಈಗ ಗಾಲಿ ಕಳಚಿ ಕಲ್ಲಿನ ಮೇಲೆ ಕೂರಿಸಿದ್ದಾರೆ. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ನೀರಿನ ತೊಟ್ಟಿ. ಬಾಗಿಲು ತೊಟ್ಟಿಗೆ ತಗುಲಿ ಅರ್ಧವೇ ತೆರೆಯುತ್ತದೆ. ಅಡ್ಡ ತಿರುಗಿ ಆಚೆ ಬರಬೇಕು. ಕಿಟಕಿಯ ತುಂಬ ಗೋಡೆ. ದಪ್ಪಗಾದರೆ ಒಳಗೇ ಉಳಿಯಬೇಕಾಗುತ್ತದೆ ಎಂದು ನಾದಿನಿ ನಗುತ್ತಾಳೆ, ನಕ್ಕು ಇನ್ನೊಂದು ಸೌಟು ಬಡಿಸುತ್ತಾಳೆ. ಈ ಮನೆ ಇನ್ನು ಎಲ್ಲಿಗೂ ಹೋಗದು. ನಾನೂ ಅಷ್ಟೇ.

ಮೊನ್ನೆ ಮಳೆ ಬಂತು. ಮಂಚದ ಕೆಳಗೆ, ನೆಲದಾಚೆ, ತೊಟ್ಟಿಕ್ಕುವ ಸದ್ದು. ವೆಲ್ಡಿಂಗ್‌ನವನು ಕೊರೆದ ತೂತುಗಳಿಂದ ನೀರು ಇಳಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಇರುವೆ ಸಾಲು ಒಲೆಯ ತನಕ ಬಂದಿದೆ. ನಮ್ಮವರ ಟಾರಿನ ಡಬ್ಬಿ ಒಂದು ಉಳಿದಿತ್ತು. ಕೈಗೆ ತೆಗೆದುಕೊಂಡೆ. ಮುಚ್ಚಳ ತೆಗೆಯಲಿಲ್ಲ, ಮತ್ತೆ ಅಲ್ಲೇ ಇಟ್ಟೆ.

ಸಕ್ಕರೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯೊಳಗೆ ಇರಿಸಿದೆ.