ಗಂಡನ ಮೂಗಿಗೊಂದು ಕೌದಿ

ನನ್ನ ಗಂಡನಿಗೆ ಮಲಗಿದರೆ ಉಸಿರು ನಿಲ್ಲುತ್ತಿತ್ತು, ಎದ್ದರೆ ಕೈ ಏಳುತ್ತಿತ್ತು. ಆಗೆಲ್ಲ ಅವನ ಬೆನ್ನ ಹಿಂದೆಯೂ ನಾನು ‘ಅವರು’ ಎಂದೇ ಹೇಳುತ್ತಿದ್ದೆ. ಈಗ ಬರೆಯುವಾಗ ‘ಅವನು’ ಸಾಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಯನ್‌ನ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ನಾವಿಬ್ಬರೂ ಧಾರವಾಡದ ಕಡೆಯಿಂದ ಆ ಮಹಾನಗರಕ್ಕೆ ಬಂದವರು. ಮಕ್ಕಳಿರಲಿಲ್ಲ. ಅವನು ಫೋರ್ಟಿನ ಒಂದು ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಆಫೀಸಿನಲ್ಲಿ ಅವನಷ್ಟು ಮೆದು ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ಅವನ ಗೊರಕೆ ಗೋಡೆಯಾಚೆಯ ಮನೆಗೂ ಕೇಳುತ್ತಿತ್ತು. ಏರುತ್ತ ಏರುತ್ತ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಉಸಿರೇ ಇಲ್ಲ. ನಾನು ಅವನ ಎದೆಯನ್ನು ನೋಡುತ್ತ ಕೂರುತ್ತಿದ್ದೆ. ಆಮೇಲೆ ನೀರಿನಿಂದ ಎಮ್ಮೆ ಎದ್ದ ಹಾಗೆ ಒಮ್ಮೆಲೇ ಬುಸ್ಸೆಂದು ಉಸಿರೆಳೆದು, ಕೈಕಾಲು ಝಾಡಿಸುತ್ತಿದ್ದ. ಆ ಕೈ ಎಲ್ಲಿ ಬಿದ್ದರೆ ಅಲ್ಲಿ. ನಿದ್ದೆಗಣ್ಣಿನ ಆ ಏಟುಗಳನ್ನು ನಾನು ಏಟೆಂದು ಎಣಿಸಿಯೇ ಇಲ್ಲ. ನಿಜವಾದವು ಬೆಳಗ್ಗೆ ಬೀಳುತ್ತಿದ್ದವು. ಕೆಂಪಗಾದ ಕಣ್ಣು, ಕಲ್ಲಿನಂತೆ ಭಾರವಾದ ತಲೆ ಹೊತ್ತು ಏಳುತ್ತಿದ್ದ. ಚಹಾ ಬಿಸಿ ಹೆಚ್ಚಾದರೂ ಹೊಡೆತ, ಕಡಿಮೆಯಾದರೂ ಹೊಡೆತ. ಒಂದು ದಿನ ನಾನು ಚಪಾತಿ ಲಟ್ಟಿಸುತ್ತಿದ್ದ ಲಟ್ಟಣಿಗೆಯನ್ನೇ ಕಿತ್ತುಕೊಂಡು ಬೀಸಿದ. ನನ್ನ ಕಿರುಬೆರಳು ಮುರಿಯಿತು.

ಆ ಬೆರಳಿಗೆ ಪಟ್ಟಿ ಇರುವಾಗಲೇ ಅವನ ಗೊರಕೆ ತೋರಿಸಲೆಂದು ಡಾಕ್ಟರ ಬಳಿಗೆ ಹೋದೆವು. ಮೈಸೂರು ಕಡೆಯ ವಯಸ್ಸಾದ ಡಾಕ್ಟರು. ಅವನನ್ನು ತೂಕ ನೋಡಲು ಹೊರಗೆ ಕಳಿಸಿ, ನನ್ನ ಬೆರಳು ನೋಡಿದರು. ಏನಾಯಿತೆಂದು ಕೇಳಲಿಲ್ಲ.

“ನೋಡಮ್ಮ, ರಾತ್ರಿಯೆಲ್ಲ ಉಸಿರು ಕಟ್ಟಿ ಕಟ್ಟಿ ಎಚ್ಚರ ಆಗ್ತಿದ್ರೆ ದೇವರಿಗೂ ಸಿಟ್ಟು ಬರುತ್ತೆ. ಇದಕ್ಕೊಂದು ಮಷೀನಿದೆ, ಮೂಗಿಗೆ ಗಾಳಿ ಊದುತ್ತೆ. ಹೊರದೇಶದಿಂದ ತರಿಸ್ಬೇಕು. ನಿದ್ದೆ ಸರಿಹೋಗ್ಲಿ, ಮನುಷ್ಯನೂ ಸರಿಹೋಗ್ತಾರೆ,” ಎಂದರು.

ಆ ಮಾತನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ನನ್ನ ಗಂಡ ಕೆಟ್ಟವನಲ್ಲ, ನಿದ್ದೆಗೆಟ್ಟವನು. ಹತ್ತು ವರ್ಷದ ಹೊಡೆತಗಳಿಗೆ ಒಂದು ಕಾರಣ ಸಿಕ್ಕಿತ್ತು. ಕಾರಣ ಸಿಕ್ಕರೆ ಮದ್ದೂ ಸಿಕ್ಕಂತೆ ಎಂದು ನಂಬಿಬಿಟ್ಟೆ.

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಮೈದುನ ಸಿಂಗಾಪುರದಿಂದ ಮಷೀನು ತಂದುಕೊಟ್ಟ. ಹೊಲಿಗೆ ಮಷೀನಿನ ಪೆಟ್ಟಿಗೆಯಷ್ಟು ದೊಡ್ಡದು. ಅದಕ್ಕೊಂದು ಉದ್ದನೆಯ ಪೈಪು, ಪೈಪಿನ ತುದಿಗೆ ಮೂಗು ಮುಚ್ಚುವ ಗಟ್ಟಿ ಮಾಸ್ಕು, ಮಾಸ್ಕನ್ನು ತಲೆಗೆ ಬಿಗಿಯಲು ಪಟ್ಟಿಗಳು. ಮೊದಲ ರಾತ್ರಿ ಅವನು ಅದನ್ನು ಒಂದು ತಾಸು ತಾಳಿದ. ಆಮೇಲೆ ಕಿತ್ತು ಗೋಡೆಗೆ ಎಸೆದ. ಬೆಳಗ್ಗೆ ನೋಡಿದರೆ ಮೂಗಿನ ಏಣಿನ ಮೇಲೆ ಚರ್ಮ ಸುಲಿದು ಕೆಂಪಾಗಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಮಾಸ್ಕಿನ ಮೇಲಿನ ಕೋಪ ನನ್ನ ಮೇಲೆ. ಆ ಪೈಪಿನಿಂದಲೇ ಬೆನ್ನಿಗೆ ಬಾರಿಸಿದ. ಅದರ ಸುರುಳಿ ಸುರುಳಿ ಗುರುತು ನಾಲ್ಕು ದಿನ ನನ್ನ ಬೆನ್ನಿನ ಮೇಲಿತ್ತು.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಕೌದಿ ಹೊಲಿಯುವುದು. ನಮ್ಮ ಕಡೆ ಹಳೆಯ ಸೀರೆ, ಧೋತ್ರಗಳನ್ನು ಪದರಪದರವಾಗಿ ಹಾಸಿ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತೇವೆ. ಒಗೆದೊಗೆದು ಸವೆದ ಬಟ್ಟೆಯಷ್ಟು ಮೆತ್ತಗಿನದು ಲೋಕದಲ್ಲಿ ಬೇರೊಂದಿಲ್ಲ. ಅವನು ಆಫೀಸಿಗೆ ಹೋದ ಮೇಲೆ ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹಳೆಯ ಇಳಕಲ್ ಸೀರೆಯ ಒಡಲು ಕತ್ತರಿಸಿ, ಮಾಸ್ಕಿನ ಅಂಚಿಗೆ ಹೊಂದುವ ಬೆರಳಗಲದ ಕೌದಿ ಹೊಲಿದೆ. ಎರಡು ಪದರ ಹಾಕಿದರೆ ಮೂಗು ಸುಲಿಯುತ್ತಿತ್ತು, ಐದು ಹಾಕಿದರೆ ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಎರಡಕ್ಕೂ ಬೆಳಗ್ಗೆ ನನ್ನ ಕೆನ್ನೆ ಉತ್ತರ ಕೊಡಬೇಕಿತ್ತು. ಮೂರು ಸರಿ ಎಂದು ತಿಳಿಯುವಷ್ಟರಲ್ಲಿ ನನ್ನ ಎಡಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಗಿತ್ತು. ಅದು ಈಗಲೂ ಇದೆ.

ಮೂಗು ಒಣಗುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಮಾಸ್ಕು ಜಾರಿತು. ಹೊಡೆದ. ಪಟ್ಟಿ ಕಿವಿಯ ಹಿಂದೆ ಕೊರೆಯುತ್ತಿತ್ತು, ಅದನ್ನು ಬಿಚ್ಚಿ ಪರಕಾರದ ಲಾಡಿಯಂತೆ ಹೊಲಿದು ಒಳಗೆ ಹತ್ತಿ ತುಂಬಿದೆ. ಅದು ಸರಿಹೋಯಿತು. ಮಷೀನಿನ ಸದ್ದಿಗೆ ಅದರ ಕೆಳಗೆ ಗೋಣಿತಟ್ಟು ಮಡಚಿ ಹಾಸಿದೆ. ಅದೂ ಸರಿಹೋಯಿತು. ಒಂದೊಂದು ಸರಿಹೋದಾಗಲೂ ನನಗೆ ಹಬ್ಬವಾದಂತಾಗುತ್ತಿತ್ತು. ಇನ್ನು ಒಂದು ಏಟು ಕಡಿಮೆ ಎಂದುಕೊಳ್ಳುತ್ತಿದ್ದೆ.

ಕೊನೆಗೆ ಉಳಿದದ್ದು ಬಾಯಿ. ನಿದ್ದೆಯಲ್ಲಿ ಅವನ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಅಲ್ಲಿಂದ ಹೋಗುತ್ತಿತ್ತು. ಗದ್ದಕ್ಕೊಂದು ಪಟ್ಟಿ ಕಟ್ಟಿ ಎಂದು ಡಾಕ್ಟರು ಹೇಳಿದರು. ಕೈಗೆ ಸಿಕ್ಕಿದ್ದು ಅವನದೇ ಬಿಳಿ ಧೋತ್ರದ ತುಂಡು. ಅದನ್ನೇ ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದೆ. ನಾನೆಂಥ ದಡ್ಡಿ! ಅವನು ಎದ್ದು ಕನ್ನಡಿಯ ಮುಂದೆ ನಿಂತ. ನಮ್ಮಲ್ಲಿ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟುವುದು ಯಾರಿಗೆ ಎಂದು ನನಗೂ ಆಗಲೇ ಹೊಳೆದದ್ದು.

“ಹೆಣಕ್ಕ ಕಟ್ಟಿದಂಗ ಕಟ್ಟೀಯಲ್ಲ! ನಾ ಯಾವಾಗ ಸಾಯ್ತೀನಂತ ಕಾಯಾಕತ್ತೀಯೇನು?”

“ಇಲ್ರೀ, ಡಾಕ್ಟರು ಹೇಳ್ಯಾರ್ರೀ, ಬ್ಯಾರೆ ಬಟ್ಟಿ ಇರಲಿಲ್ಲರೀ...”

ಅದೇ ಬಟ್ಟೆಯನ್ನು ನನ್ನ ಕುತ್ತಿಗೆಗೆ ಸುತ್ತಿ ಎಳೆದ. ಕಣ್ಣಿಗೆ ಕತ್ತಲು ಬಂತು. ಕಪಾಟಿನ ಬಾಗಿಲಿಗೆ ನನ್ನ ಹಣೆ ತಾಗಿದ ಸದ್ದು ನನಗೇ ದೂರದಿಂದ ಕೇಳಿದ ಹಾಗಿತ್ತು. ಆದರೆ ಆಗ ಅವನಿಗೆ ನಾಲ್ಕು ಏಟಿಗೇ ಏದುಸಿರು ಬರುತ್ತಿತ್ತು. ಮಂಚದ ಮೇಲೆ ಕುಸಿದು ಬಾಯಿ ತೆರೆದು ಉಸಿರೆಳೆಯುತ್ತ ಕೂತ. ನಾನೇ ನೀರು ತಂದುಕೊಟ್ಟೆ. ಮರುದಿನ ಹಸಿರು ಖಣದ ಬಟ್ಟೆಯಲ್ಲಿ ಗದ್ದದ ಪಟ್ಟಿ ಹೊಲಿದೆ.

ಹಸಿರು ಪಟ್ಟಿ ಕಟ್ಟಿಕೊಂಡ ಮೇಲೆ ಅವನು ಮಲಗಿದ. ಮಲಗಿದ ಎಂದರೆ ಮಲಗಿಯೇಬಿಟ್ಟ. ಗೊರಕೆಯಿಲ್ಲ, ಉಸಿರು ಕಟ್ಟಲಿಲ್ಲ. ಎದ್ದಾಗ ಕಣ್ಣು ತಿಳಿಯಾಗಿತ್ತು, ಮೂಗಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಒಂದು ವಾರ ಕಳೆಯಿತು, ಎರಡಾಯಿತು. ಅವನ ಕೈ ಏಳಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸಿಗೆ ಹೋಳಿಗೆ ಮಾಡಿ ಕೊಟ್ಟೆ. ಏನು ವಿಶೇಷ ಎಂದು ಕೇಳಿದಳು. ಸುಮ್ಮನೆ ಎಂದೆ.

ಮೂರನೆಯ ಭಾನುವಾರ ಪಕ್ಕೆಗೆ ಒದೆ ಬಿದ್ದು ಎಚ್ಚರವಾಯಿತು. ಕೋಣೆಯ ತುಂಬ ಬಿಸಿಲು. ಮದುವೆಯಾದ ಮೇಲೆ ಮೊದಲ ಸಲ ನಾನು ಅವನಿಗಿಂತ ತಡವಾಗಿ ಎದ್ದಿದ್ದೆ. ಅವನ ಉಸಿರನ್ನು ಕಾಯುವ ಕೆಲಸ ಮುಗಿದಿತ್ತಲ್ಲ, ನನ್ನ ಮೈಯೂ ಮೈಮರೆತು ಮಲಗಿತ್ತು.

“ಎಂಟ್ ಗಂಟಿ ಆತು. ಚಾ ಯಾರ್ ಮಾಡ್ಬೇಕು?”

“ನಿದ್ದಿ ಹತ್ತಿಬಿಡ್ತರೀ.”

“ನಿದ್ದಿ? ನಿನಗ್ಯಾಕ ಬೇಕು ನಿದ್ದಿ?”

ಅವನ ಮುಖ ನೋಡಿದೆ. ಕೆಂಪು ಕಣ್ಣಿಲ್ಲ, ತಲೆಭಾರವಿಲ್ಲ. ಸ್ನಾನ ಮಾಡಿ, ಕ್ರಾಪು ಬಾಚಿಕೊಂಡಿದ್ದ. ಅಂಗಿಯ ತೋಳನ್ನು ನಿಧಾನವಾಗಿ ಮಡಚಿದ, ಮೊದಲು ಬಲಗಡೆ, ಆಮೇಲೆ ಎಡಗಡೆ. ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಅಡುಗೆಮನೆಯವರೆಗೆ ಎಳೆದೊಯ್ದ. ತುಟಿ ಒಡೆಯಿತು, ಒಂದು ಹಲ್ಲು ಅಲುಗಾಡಿತು. ನಾಲ್ಕು ಏಟಾದವು. ಇನ್ನೇನು ಏದುಸಿರು ಬರುತ್ತದೆ, ಕೂತುಬಿಡುತ್ತಾನೆ ಎಂದು ಅಭ್ಯಾಸಬಲದಿಂದ ಕಾದೆ. ಬರಲಿಲ್ಲ. ಐದು, ಆರು, ಹತ್ತು. ಅವನು ದಣಿಯಲೇ ಇಲ್ಲ. ಒಲೆಯ ಕಟ್ಟೆಯ ಕೆಳಗೆ ಮುದುಡಿ ಬಿದ್ದು, ಆ ಶಕ್ತಿ ಎಲ್ಲಿಂದ ಬಂತೆಂದು ನನಗೆ ಅರ್ಥವಾಯಿತು. ಮೂರು ಪದರದ ಕೌದಿ ಹೊಲಿದು ಆ ಶಕ್ತಿ ಕೊಟ್ಟವಳು ನಾನೇ. ಹಾವಿಗೆ ಹಾಲೆರೆದಿದ್ದೆ. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು, ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಹತ್ತು ವರ್ಷದಲ್ಲಿ ನನಗೆ ಬಂದ ಮೊದಲ ಸಿಟ್ಟು ಅದು.

ಅಡುಗೆ ಮಾಡಿದೆ. ಎರಡು ಸಲ ಬಡಿಸಿಕೊಂಡು ಉಂಡ. ಮಧ್ಯಾಹ್ನ ಮಲಗುವಾಗಲೂ ಮಷೀನು ಹಚ್ಚಬೇಕೆಂದು ಡಾಕ್ಟರು ಹೇಳಿದ್ದರು. ಮಂಚದ ಮೇಲಿನಿಂದ ಕರೆದ.

“ಬಾ ಇಲ್ಲೆ. ದಾರ ಒಂದು ಮೂಗಿಗೆ ಚುಚ್ಚಾಕತ್ತದ, ಕತ್ತರಸು. ಆಮ್ಯಾಲ ಪಟ್ಟಿ ಕಟ್ಟು.”

ಮಾಸ್ಕು ಅವನ ಮುಖದ ಮೇಲಿತ್ತು. ಬಗ್ಗಿ ಆ ದಾರ ಕತ್ತರಿಸಿದೆ. ಕತ್ತರಿಯ ಮೊನೆಗೂ ಅವನ ಮುಚ್ಚಿದ ಕಣ್ಣಿಗೂ ಒಂದು ಅಂಗುಲ. ಸುಳ್ಳು ಹೇಳುವುದಿಲ್ಲ, ಚುಚ್ಚಬೇಕೆನ್ನಿಸಿತು. ಕೈ ನಡುಗಲಿಲ್ಲ, ಅದಕ್ಕೇ ನನಗೆ ಭಯವಾದದ್ದು. ಇನ್ನೊಂದು ದಿನ ಈ ಮನೆಯಲ್ಲಿದ್ದರೆ ಚುಚ್ಚುತ್ತೇನೆ ಎಂದು ಖಾತ್ರಿಯಾಯಿತು. ಕತ್ತರಿ ಕೆಳಗಿಟ್ಟು ಮಾಸ್ಕಿನ ಪಟ್ಟಿ ಕಟ್ಟಿದೆ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ. ಗದ್ದಕ್ಕೆ ಹಸಿರು ಪಟ್ಟಿ ಕಟ್ಟಿದೆ. ಮಷೀನಿನ ಗುಂಡಿ ಒತ್ತಿದೆ. ಎರಡು ನಿಮಿಷದಲ್ಲಿ ಅವನ ಎದೆ ಒಂದೇ ಸಮನೆ ಏರಿಳಿಯತೊಡಗಿತು.

ಮೊದಲಾಗಿದ್ದರೆ ಲೋಟ ಇಟ್ಟ ಸದ್ದಿಗೆ ಏಳುತ್ತಿದ್ದ ಮನುಷ್ಯ. ನಾನು ಅವನು ಮಲಗಿದ ಮಂಚದ ಕೆಳಗಿನಿಂದಲೇ ನನ್ನ ತವರಿನ ತಗಡಿನ ಟ್ರಂಕು ಎಳೆದೆ, ನೆಲಕ್ಕೆ ಉಜ್ಜಿ ಕರ್ರೆಂದು ಕಿರುಚಿತು. ಅವನು ಏಳಲಿಲ್ಲ. ಕಪಾಟು ತೆರೆದೆ, ಸೀರೆ ತುಂಬಿದೆ. ಬಾಗಿಲಿನ ತುಕ್ಕು ಹಿಡಿದ ಚಿಲಕವನ್ನು ಎರಡು ಕೈಯಿಂದ ಹಿಡಿದು ಜಗ್ಗಿದೆ. ಏಳಲಿಲ್ಲ.

ಹೊರಗೆ ಪಕ್ಕದ ಮನೆಯ ಮರಾಠಿ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನ ತುಟಿ ನೋಡಿದಳು, ಟ್ರಂಕು ನೋಡಿದಳು. ಜೋಗೇಶ್ವರಿಗೆ, ಅಕ್ಕನ ಮನೆಗೆ ಎಂದೆ. ಅವಳು ಗಾಬರಿಯಿಂದ ನಮ್ಮ ಬಾಗಿಲಿನ ಕಡೆ ಕಣ್ಣು ಮಾಡಿ ಪಿಸುಗುಟ್ಟಿದಳು.

“ವಹಿನಿ, ಸಾಹೇಬ್ ಉಠತೀಲ್ ನಾ?”

“ಏಳೋದಿಲ್ಲ,” ಎಂದೆ, ಕನ್ನಡದಲ್ಲೇ, ಜೋರಾಗಿಯೇ. ಅವಳಿಗೆ ಅರ್ಥವಾಯಿತು. ಮೊರ ಪಕ್ಕಕ್ಕಿಟ್ಟು ಎದ್ದು ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದುಕೊಂಡಳು. ನಾನು ಬಾಗಿಲನ್ನು ದಢಾರನೆ ಎಳೆದು ಹಾಕಿದೆ. ಒಳಗೆ ಮಷೀನು ಒಂದೇ ಸಮನೆ ಊದುತ್ತಲೇ ಇತ್ತು.