ಬಿಗಿಯಕ್ಕ ಕಟ್ಟಿದ ಪಟ್ಟಿ

ಓಟಗಾರರ ಕಾಲುಗಳನ್ನು ಪರೀಕ್ಷಿಸುವ ಆ ಕೇಂದ್ರದ ಗೋಡೆಯ ಮೇಲೆ ವೈದ್ಯರ ಭಾವಚಿತ್ರಗಳಿವೆ, ಯಂತ್ರದ ಚಿತ್ರವೂ ಇದೆ. ಬಿಗಿಯಕ್ಕನದು ಮಾತ್ರ ಇಲ್ಲ. ಇದನ್ನು ಮರೆವು ಎನ್ನಲಾಗದು, ಅನ್ಯಾಯವೆಂದೇ ಹೇಳಬೇಕು. ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರನ್ನು ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿ ಪಟ್ಟಿ ಕಟ್ಟುವವರು ಆಕೆಯೇ. ಪಾದ ನೆಲಕ್ಕೆ ಎಷ್ಟು ಜೋರಾಗಿ ಬಡಿಯಿತು, ಯಾವ ಕಾಲು ಹೆಚ್ಚು ಅದುರಿತು ಎಂಬುದನ್ನೆಲ್ಲ ಆ ಡಬ್ಬಿ ಕಂಪ್ಯೂಟರಿಗೆ ತಿಳಿಸುತ್ತದೆ. ಪಟ್ಟಿ ಸಡಿಲವಾದರೆ ತಾನೇ ಕುಣಿದು, ಕಾಲು ಕುಣಿಯಿತೆಂದು ಚಾಡಿ ಹೇಳುತ್ತದೆ. ಆದ್ದರಿಂದ ಆಕೆ ಯಾರ ನರಳಾಟಕ್ಕೂ ಕರಗದೆ ಎಳೆದು ಕಟ್ಟುತ್ತಿದ್ದರು. "ಅಕ್ಕಾ, ಆ ಕಾಲು ಆಮೇಲೆ ನನ್ಗೂ ಬೇಕು!" ಎಂದು ಕೂಗಿಕೊಂಡ ಓಟಗಾರರೇ ಆ ಹೆಸರಿಟ್ಟವರು.

ಆಕೆಯ ಪತಿ ಕ್ಷೌರಿಕರು. ದಿನವಿಡೀ ಕುರ್ಚಿಯ ಹಿಂದೆ ನಿಂತು ಗಿರಾಕಿಗಳ ಮಾತಿಗೆ ಹೂಂಗುಟ್ಟುವ ಅವರು, ಸಂಜೆ ಅಂಗಡಿ ಮುಚ್ಚಿ ಕಾಲುವೆಯ ದಂಡೆಯ ಮೇಲೆ ಓಡಿ ಬಂದ ಮೇಲಷ್ಟೇ ಸ್ವಂತ ಮಾತಿಗೆ ಬಾಯಿ ತೆರೆಯುತ್ತಿದ್ದರು. ಯಾವ ನಾಯಿ ಅಟ್ಟಿಸಿಕೊಂಡು ಬಂತು, ಯಾರ ಮನೆಗೆ ಹೊಸ ಬಣ್ಣ ಬಂತು ಎಂದು ಹೆಂಡತಿಗೆ ವರದಿ ಒಪ್ಪಿಸುವ ಆ ಹೊತ್ತು ಮದುವೆಯಾದಂದಿನಿಂದ ಇಬ್ಬರದು. ಓಡದ ದಿನ ಬಾಯಿಗೆ ಬೀಗ. ಬಲಮೊಣಕಾಲು ನೋಯತೊಡಗಿದ ಮೇಲೆ ಬೀಗದ ದಿನಗಳೇ ಹೆಚ್ಚಾದವು. ಕೊನೆಗೆ ಆಕೆ ಅವರನ್ನು ಕೇಂದ್ರಕ್ಕೆ ಕರೆತಂದರು.

"ಓಡ್ಲೇಬಾರ್ದು ಅಂದ್ಬಿಟ್ರೆ?" ಬೆಂಚಿನ ಮೇಲೆ ಕುಳಿತ ಅವರು ಮೆಲ್ಲಗೆ ಕೇಳಿದರು.

"ಅಂದಾಗ ನೋಡೋಣ. ಕಾಲು ಚಾಚಿ."

ಟ್ರೆಡ್‌ಮಿಲ್ ಮೇಲೆ ಅವರು ಓಡಿದಾಗ ಬಲಗಾಲಿನ ಗೆರೆ ಪರದೆಯ ಮೇಲೆ ಗರಗಸದ ಹಲ್ಲಿನಂತೆ ಎದ್ದಿತು. ವೈದ್ಯೆ ಹುಬ್ಬು ಗಂಟಿಕ್ಕಿದರು. "ಇಷ್ಟು ಅದುರಿದ್ರೆ ಕಷ್ಟ ಅಕ್ಕ. ಓಟ ನಿಲ್ಲಿಸೋದೇ ಒಳ್ಳೇದು."

ಕ್ಷೌರಿಕರು ಗಿರಾಕಿಗೆ ಹೇಳುವಂತೆ "ಹೂಂ" ಎಂದರು, ಅಷ್ಟೇ.

ಬಿಗಿಯಕ್ಕ ಪಟ್ಟಿ ಬಿಚ್ಚಲು ಬಗ್ಗಿದರು. ಎಡಗಾಲಿನ ಪಟ್ಟಿಯೊಳಗೆ ಉಗುರೂ ತೂರಲಿಲ್ಲ. ಬಲಗಾಲಿನದರಲ್ಲಿ ಬೆರಳುಗಳು ಸಲೀಸಾಗಿ ಹೋದವು. ನೋಯುವ ಕಾಲೆಂದು ಕೈ ತನಗೇ ಅರಿವಿಲ್ಲದೆ ಮೆತ್ತಗಾಗಿತ್ತು. ಪರರ ಕಾಲಿಗೆ ಎಂದೂ ಮಾಡದ ತಪ್ಪು ಅದು. ಯಂತ್ರ ಸುಳ್ಳಾಡುವುದಿಲ್ಲವೆಂದು ಭಾಷಣ ಬಿಗಿಯುವವರು ಆ ಗಳಿಗೆಯಲ್ಲಿ ಅಲ್ಲಿರಬೇಕಿತ್ತು.

"ಡಾಕ್ಟ್ರೇ, ತಪ್ಪು ನಂದು. ಅದುರಿದ್ದು ಕಾಲಲ್ಲ, ಪಟ್ಟಿ. ಇನ್ನೊಂದ್ಸಲ ಓಡಿಸಿ."

"ನೀವು? ಸಡಿಲ ಕಟ್ಟಿದ್ರಾ?" ವೈದ್ಯೆಗೆ ನಗು ತಡೆಯಲಾಗಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಎಂದರು ಕ್ಷೌರಿಕರು. "ಮನೇಲಿ ಒಂದಿನಾನೂ ಪಟ್ಟು ಬಿಡದೋಳು, ಇಲ್ಲಿ ಬಂದು ಬಿಟ್ಯಲ್ಲೇ!"

"ಸುಮ್ನೆ ಕೂತ್ಕೊಳ್ರೀ."

ಈ ಸಲ ಆಕೆ ತುಟಿ ಕಚ್ಚಿ ಎಳೆದರು. "ಅಯ್ಯಮ್ಮಾ!" ಎಂದವರ ಕಣ್ಣಲ್ಲಿ ನೀರಾಡಿತು, ಎಳೆದವರ ಕಣ್ಣಲ್ಲೂ. ಕೈ ಮಾತ್ರ ಸಡಿಲಲಿಲ್ಲ.

ಮತ್ತೆ ಓಡಿಸಿದಾಗಲೂ ಗೆರೆ ಪೂರ್ತಿ ಸಮವಾಗಲಿಲ್ಲ. ಅದನ್ನು ಮರೆಮಾಚುವುದು ಸರಿಯಲ್ಲ. ಬಲಪಾದ ಬೇಕಾದ್ದಕ್ಕಿಂತ ಜೋರಾಗಿಯೇ ಬೀಳುತ್ತಿತ್ತು. ಆದರೆ ಗರಗಸದ ಹಲ್ಲುಗಳು ಹೋಗಿದ್ದವು. ಚಿಕ್ಕ ಹೆಜ್ಜೆ, ಮಣ್ಣಿನ ದಾರಿ, ಅರ್ಧ ದೂರ ಎಂದು ವೈದ್ಯೆ ತೀರ್ಪಿತ್ತರು.

ಅರ್ಧ ದೂರ ಎಲ್ಲಿಗೆ ಮುಗಿಯುತ್ತದೆಂಬ ಬಗ್ಗೆ ಗಂಡನ ಲೆಕ್ಕವನ್ನು ನಂಬುವಷ್ಟು ಮುಗ್ಧೆ ಬಿಗಿಯಕ್ಕನಲ್ಲ. ಮರುದಿನ ಸಂಜೆ ಅರ್ಧ ದೂರ ಮುಗಿಯುವ ಕಾಲುವೆಯ ಸೇತುವೆಯ ಬಳಿ ತಾವೇ ಹೋಗಿ ನಿಂತರು. ಪತಿ ಏದುಸಿರು ಬಿಡುತ್ತ ಓಡಿ ಬಂದರು.

"ಆ ಮರದ ತನಕ ಒಂದು ಸಲ ಹೋಗಿ ಬರ್ಲಾ?"

"ಮರ ಎಲ್ಲಿಗೂ ಓಡಿ ಹೋಗಲ್ಲ. ನಡೀರಿ ಮನೆಗೆ."

ಅವರು ತಿರುಗಿ ಆಕೆಯ ಪಕ್ಕದಲ್ಲಿ ನಡೆಯತೊಡಗಿದರು. ನಾಲ್ಕು ಹೆಜ್ಜೆ ಹಾಕುವುದರೊಳಗೆ, "ಏನೇ, ಅಲ್ಲಿ ಏನಾಯ್ತು ಗೊತ್ತಾ?" ಎಂದು ಶುರುಮಾಡಿದರು. ಆಕೆ ನಡಿಗೆಯನ್ನು ಇನ್ನಷ್ಟು ನಿಧಾನಗೊಳಿಸಿದರು.